ಗೋರೆಗಾಂವಿನ ಗೋಡೆಯಲ್ಲೊಂದು ತೊಟ್ಟಿಲು

ವಡಾಲ, ಮುಂಬಯಿ
೧೪ ಏಪ್ರಿಲ್ ೧೯೫೮

ಮಗನೇ ನೀಲಕಂಠ,

ಹೇಗಿದ್ದೀಯಪ್ಪಾ? ಕೆಮ್ಮು ಇಳಿಯಿತೋ ಇಲ್ಲವೋ, ಅದನ್ನು ಮೊದಲು ಬರೆ. ಕಾರ್ಖಾನೆ ಕಟ್ಟುವ ಜಾಗ ಎಂದರೆ ಧೂಳು ಇದ್ದದ್ದೇ, ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡು ಓಡಾಡು. ದೊಡ್ಡ ಇಂಜಿನಿಯರು ಹಾಗೆ ಕಟ್ಟಿಕೊಂಡರೆ ನಗುತ್ತಾರೆ ಎನ್ನಬೇಡ, ನಗುವವರು ಬಂದು ನಿನಗೆ ಕಷಾಯ ಕಾಸಿ ಕೊಡುವುದಿಲ್ಲ. ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಮೆಸ್ಸಿನ ಗೆಳೆಯರಿಗೆಲ್ಲ ಹಂಚಿ ಒಂದೇ ದಿನಕ್ಕೆ ಡಬ್ಬಿ ತೊಳೆದಿಡಬೇಡ. ನಾನು, ನಿಮ್ಮಪ್ಪ, ನಿನ್ನ ಹೆಂಡತಿ ಮೂವರೂ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮಪ್ಪ ಬಟ್ಟೆ ಅಂಗಡಿಯಿಂದ ಬಂದವರೇ ಬಾಲ್ಕನಿಯಲ್ಲಿ ಕುಳಿತು ಹಾರ್ಬರ್ ಲೈನಿನ ಗಾಡಿಗಳು ತಡವಾದವೆಂದು ಬೈಯುತ್ತಾರೆ. ಆ ಗಾಡಿಯಲ್ಲಿ ಅವರು ಹೋಗಬೇಕಾದದ್ದೂ ಇಲ್ಲ, ಅದರಿಂದ ಇಳಿದು ಬರುವವರು ಯಾರೂ ಇಲ್ಲ.

ನಿನ್ನ ಪತ್ರ ಬಂದು ವಾರವಾಯಿತು. ಭಿಲಾಯಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿದ್ದು ಓದಿ ಸಂತೋಷವಾಯಿತು. ಚಂಪಾ ಈ ತಿಂಗಳ ಕೊನೆಗೆ ಮ್ಯೂಸಿಯಮ್ಮಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟು ಬರಲಿ, "ಗೋಡೆ ಮೇಲಿನ ಗೀಚು ನೋಡಿದ್ದು ಸಾಕು" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಆಕೆ ಪತ್ರವನ್ನು ಮಡಚಿ ಕಪಾಟಿನಲ್ಲಿಟ್ಟು ರೊಟ್ಟಿ ಬಡಿಯಲು ಕುಳಿತಳು. ಆ ದಿನದ ರೊಟ್ಟಿ ಬಹಳ ತೆಳ್ಳಗಿದ್ದವು, ಅಷ್ಟು ಜೋರಾಗಿ ಬಡಿದಳು. ಉತ್ತರ ನಾನು ಬರೆಯುತ್ತೇನೆ ಎಂದು ನಾನೇ ಹೇಳಿದೆ. ಆದರೆ ಉತ್ತರಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಕೇಳು. ನಿನಗೆ ಅವಸರವಿರುತ್ತದೆ, ಹುಟ್ಟುವಾಗಲೂ ನಿನಗೆ ಅವಸರವೇ ಇತ್ತು.

ಚಂಪಾ ಒಬ್ಬಳೇ ಆದಿವಾಸಿಗಳ ಹಾಡಿಗೆ ಹೋಗಕೂಡದು, ಅವ್ವ ಜೊತೆಗಿರಬೇಕು ಎಂದು ಹೊರಡುವ ಮುನ್ನ ಕಟ್ಟಳೆ ಮಾಡಿದವನು ನೀನೇ. ಹೀಗಾಗಿ ಈ ವರ್ಷವೆಲ್ಲ ನಾನೂ ಒಂದು ಚೀಲ ಹಿಡಿದು ದಾದರಿನಲ್ಲಿ ಲೋಕಲ್ ಹತ್ತಿ ಗೋರೆಗಾಂವಿಗೆ ಹೋಗಿ, ಅಲ್ಲಿಂದ ಹಾಲಿನ ಕಾಲನಿ ದಾಟಿ, ಗುಡ್ಡದ ಮಗ್ಗುಲಲ್ಲಿರುವ ವಾರಲಿಗಳ ಹಾಡಿಗೆ ನಡೆದಿದ್ದೇನೆ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಕಲೆಯ ಇತಿಹಾಸ ಓದಿದ ಉಳಿದವರು ಅಜಂತಾ, ಬಾದಾಮಿ ಎಂದು ತಿರುಗಿದರೆ ನಮ್ಮ ಮನೆಯ ಸೊಸೆ ಮಾತ್ರ ಸಗಣಿ ಬಳಿದ ಗೋಡೆಯ ಮುಂದೆ ಕೈಕಟ್ಟಿ ನಿಲ್ಲುತ್ತಾಳೆ. ಆದರೆ ಆಕೆ ನಿಲ್ಲುವುದನ್ನು ನೋಡಬೇಕು ನೀನು. ಹಸಿವೆ ನೀರಡಿಕೆ ಮರೆತು, ಒಂದೊಂದು ಗೆರೆಯನ್ನೂ ಮೇಲಿನಿಂದ ಕೆಳಗೆ ನೋಡಿ, ಯಾರು ಬರೆದದ್ದು, ಯಾಕೆ ಬರೆದದ್ದು ಎಂದು ಆ ಹೆಂಗಸರನ್ನು ಅಕ್ಕತಂಗಿಯರ ಹಾಗೆ ಕೇಳುತ್ತಾಳೆ. ಆ ಹೊತ್ತಿನಲ್ಲಿ ಆಕೆಯ ಮುಖ ನೋಡಿದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಹೋಳಿಯ ಮುಂಚೆ ಅಲ್ಲಿ ಲಾಡಕೀ ಎಂಬವಳ ಹಿರಿಮಗಳ ಮದುವೆಯಿತ್ತು. ಅವರಲ್ಲಿ ಮದುವೆಗೆ ಮುಂಚೆ ಮುತ್ತೈದೆಯರು ಸೇರಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ನೀರಿನಲ್ಲಿ ದೇವಿಯ ಚೌಕ ಬರೆಯುತ್ತಾರೆ. ಸುತ್ತ ಗಿಡ, ಹಕ್ಕಿ, ಕುಣಿಯುವ ಜನ. ನಾನು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ. ನೋಡುತ್ತ ನೋಡುತ್ತ ನನ್ನ ಬೆರಳು ನೆಲದ ಮೇಲೆ ತಾನೇ ಆಡತೊಡಗಿರಬೇಕು. ಚಂಪಾ ಫೋಟೋ ತೆಗೆಯುವವನನ್ನು ಕರೆತರಲು ರಸ್ತೆಯ ಕಡೆ ಹೋಗಿದ್ದಳು. ಲಾಡಕೀ ನನ್ನ ಬೆರಳು ನೋಡಿದವಳೇ ತುದಿ ಅಗಿದ ಬಿದಿರುಕಡ್ಡಿಯನ್ನು ನನ್ನ ಕೈಗಿತ್ತು, "ತೂ ಪಣ ಕಾಢ" ಎಂದಳು, ನೀನೂ ಬರೆ ಎಂದು. ನಾನು ಬೇಡವೆನ್ನಬೇಕಿತ್ತು, ಎನ್ನಲಿಲ್ಲ. ವಿಜಾಪುರದಲ್ಲಿ ನಿನ್ನ ಅಜ್ಜಿ ಮದುವೆಮನೆಯ ಗೋಡೆಗೆ ಒಂದು ತೊಟ್ಟಿಲು ಬರೆಯದೆ ಕೈ ತೊಳೆಯುತ್ತಿರಲಿಲ್ಲ. ಅದನ್ನೇ ಚೌಕದ ಹೊರಗೆ, ಕೆಳಗಿನ ಮೂಲೆಯಲ್ಲಿ ಬರೆದೆ. ಮೇಲೆ ಹಗ್ಗ ಎಳೆದೆ, ಹಗ್ಗ ಸೇರುವಲ್ಲಿ ಒಂದು ಕೊಂಡಿ ಇಟ್ಟೆ. ಹೆಂಗಸರೆಲ್ಲ ಬಗ್ಗಿ ನೋಡಿ ನಕ್ಕರು. ಲಾಡಕೀ ಕಡ್ಡಿ ಕಸಿದುಕೊಂಡು ಅದರೊಳಗೆ ಇಬ್ಬರು ಪುಟ್ಟ ಮನುಷ್ಯರನ್ನು ನಿಲ್ಲಿಸಿದಳು. ಒಂದು ಕೂಸು ಸಾಲದು ಎಂದು ಅವಳ ಆಸೆ. ಚಂಪಾ ಬರುವಷ್ಟರಲ್ಲಿ ಊಟಕ್ಕೆ ಕರೆದರು, ಆ ಗದ್ದಲದಲ್ಲಿ ಆಕೆಗೆ ಹೇಳುವುದು ನನಗೆ ಮರೆತೇಹೋಯಿತು.

ಇನ್ನು ಹೋದ ಬುಧವಾರದ ಕತೆ. ಚಂಪಾಳ ಕೆಲಸ ಇಷ್ಟು ದಿನ ತಾತ್ಕಾಲಿಕವಾಗಿತ್ತಲ್ಲ, ಅದನ್ನು ಕಾಯಂ ಮಾಡುವುದೋ ಬಿಡುವುದೋ ಎಂದು ಮೂವರು ಪಂಡಿತರು ಕುಳಿತು ಆಕೆಯ ಭಾಷಣ ಕೇಳಿ ತೀರ್ಮಾನಿಸುವ ದಿನ ಅದು. ನಿನ್ನ ಪತ್ರ ಬಂದ ಮೇಲೂ ಆಕೆ ಹೋಗಿಯೇ ಹೋಗುತ್ತೇನೆ ಎಂದಳು. "ಬ್ಯಾಡಂದ್ರ ಅವರ ಬ್ಯಾಡನ್ಲಿ ಅತ್ತಿ, ನಾನಾಗಿ ಬಿಡಂಗಿಲ್ಲ" ಎಂದಳು. ಸರಿ, ನಾನೂ ಇಳಕಲ್ ಸೀರೆ ಉಟ್ಟು ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಕೋಣೆ ಕತ್ತಲೆ ಮಾಡಿ ಬಿಳಿ ಪರದೆಯ ಮೇಲೆ ಫೋಟೋ ಬಿಡುತ್ತಿದ್ದರು. ಮಾತೆಲ್ಲ ಇಂಗ್ಲಿಷು. ನಡುವೆ ಕುಳಿತಿದ್ದ ಬಿಳಿಗೂದಲಿನ ಪ್ರೊಫೆಸರರು ಮೊದಲಿನಿಂದ ಆಕಳಿಸುತ್ತಿದ್ದವರು ಒಂದು ಚಿತ್ರ ಬಂದಾಗ ನೆಟ್ಟಗೆ ಕುಳಿತರು. ನೋಡುತ್ತೇನೆ, ನನ್ನ ತೊಟ್ಟಿಲು ಗೋಡೆಯಗಲ ನಿಂತಿದೆ! ನನಗೆ ಎಲ್ಲಿಲ್ಲದ ಹಿಗ್ಗು. "ಅಯ್ಯ ಚಂಪಾ, ಅದು ನಾ ಬರದ ತೊಟ್ಲಲ್ಲೇನ!" ಎಂದು ಕೂಗಿಬಿಟ್ಟೆ.

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ಗೊತ್ತಾಯಿತು. ಚಂಪಾ ಅದನ್ನು ದೋಣಿ ಎಂದುಕೊಂಡಿದ್ದಳಂತೆ. ನನ್ನ ಹಗ್ಗ ಆಕೆಗೆ ಹಾಯಿ, ಲಾಡಕೀಯ ಅವಳಿ ಕೂಸುಗಳು ಆಕೆಗೆ ಅಂಬಿಗರು. ಗುಡ್ಡದ ಜನರ ಗೋಡೆಯಲ್ಲಿ ದೋಣಿ ಇದೆಯೆಂದರೆ ಇವರ ಹಿರಿಯರು ಒಂದು ಕಾಲಕ್ಕೆ ಸಮುದ್ರದ ದಂಡೆಯಲ್ಲಿದ್ದರೆಂದು ಆಕೆ ವಾದ ಹೂಡಿದ್ದಳು. ಪ್ರೊಫೆಸರರು ಎದ್ದು ಕುಳಿತದ್ದೂ ಆ ವಾದಕ್ಕೇ. ಆ ಅಮ್ಮ ಏನೆಂದರು ಎಂದು ಅವರು ಕೇಳಿದರು. ಆ ಮೂವರಲ್ಲಿ ಯಾರಿಗೂ ಕನ್ನಡ ಬಾರದು. ಏನಿಲ್ಲ, ನೀರು ಕೇಳಿದರು ಎಂದು ಚಂಪಾ ಹೇಳಿದ್ದರೂ ನಡೆಯುತ್ತಿತ್ತು. ಚಂಪಾ ನನ್ನ ಕಡೆ ನೋಡಿ, "ಅತ್ತಿ, ಖರೇನ ನೀವ ಬರದ್ರೇನು?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಅವರತ್ತ ತಿರುಗಿ, ಇವರು ನನ್ನ ಅತ್ತೆ, ಆ ಚಿತ್ರ ಇವರದು, ನಾನು ಈಗ ಹೇಳಿದ ದೋಣಿಯ ಮಾತೆಲ್ಲ ತಪ್ಪು ಎಂದು ಹೇಳಿಬಿಟ್ಟಳು. ಪಕ್ಕದಲ್ಲಿದ್ದವರೊಬ್ಬರು ಜೋರಾಗಿ ನಕ್ಕರು. ಸೊಸೆಯ ಅನ್ನ ನನ್ನ ಬಾಯಿಂದಲೇ ಹೋಯಿತಲ್ಲ ಎಂದುಕೊಂಡೆ ನೀಲಕಂಠ.

ಚಂಪಾ ಮಾತ್ರ ಪರದೆಯ ಮೇಲಿನ ಆ ಫೋಟೋವನ್ನು ಸರಿಸಲು ಹೇಳಲಿಲ್ಲ. ಕಡ್ಡಿ ಕೊಟ್ಟವರು ಯಾರು, ಬರೆದ ಮೇಲೆ ಅಳಿಸಿದರೇ, ಬೈದರೇ ಎಂದು ಎಲ್ಲರೆದುರು ನನ್ನನ್ನು ಕೇಳುತ್ತ, ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಹೇಳುತ್ತ ಹೋದಳು. ಈ ಗೋಡೆಯನ್ನು ನಾನೂ ಹಳೆಯ ಕಾಲದ ಅವಶೇಷವೆಂದೇ ನೋಡುತ್ತಿದ್ದೆ, ಮದುವೆಗೆ ಬಂದ ಅತಿಥಿಯ ಕೈಗೂ ಅದರಲ್ಲಿ ಜಾಗವಿದೆ, ನಾನು ಬರೆಯಬೇಕಾದ ಇತಿಹಾಸ ಇದು ಎಂದಳಂತೆ. ಹೊರಡುವಾಗ ಆ ಪ್ರೊಫೆಸರರು ನನ್ನ ಬಳಿ ನಿಂತು, "ಆಜೀಬಾಯಿ, ಪುಢಚ್ಯಾ ವೇಳೀ ಖಾಲೀ ಸಹೀ ಕರಾ" ಎಂದರು. ಮುಂದಿನ ಸಲ ಕೆಳಗೆ ಸಹಿ ಹಾಕಬೇಕಂತೆ ನಾನು! ಬಸ್ಸಿನಲ್ಲಿ ನಾನು ಅಳುತ್ತಿದ್ದರೆ ಚಂಪಾ ನಗುತ್ತಿದ್ದಳು. ಅಂಥ ಸೊಸೆ ಸಿಕ್ಕಿದ್ದು ನನ್ನ ಪುಣ್ಯ, ಹೆಂಡತಿಯಾಗಿ ಸಿಕ್ಕಿದ್ದು ನಿನ್ನ ಪುಣ್ಯ, ಇದನ್ನು ಬರೆದಿಟ್ಟುಕೋ.

ಮೊನ್ನೆ ಶನಿವಾರ ಆರ್ಡರ್ ಬಂತು. ಕೆಲಸ ಕಾಯಂ. ಇನ್ನು ಡಹಾಣೂ ಕಡೆಯ ಹಾಡಿಗಳ ಗೋಡೆಗಳನ್ನೂ ಆಕೆಯೇ ನೋಡಿ ಬರೆಯಬೇಕಂತೆ. ನಿಮ್ಮಪ್ಪ ಮಾಟುಂಗಾದಿಂದ ಮೈಸೂರುಪಾಕು ತಂದು ಬಿಲ್ಡಿಂಗಿಗೆಲ್ಲ ಹಂಚಿದರು. ಚಂಪಾ ಎರಡು ತಿಂದಳು, ಆಮೇಲೆ ಕಪಾಟು ತೆಗೆದು ನಿನ್ನ ಪತ್ರವನ್ನು ಮತ್ತೆ ಓದಿದಳು.

ವೇಳೆಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚು. ದೇವರು ನಿನ್ನನ್ನು ತಣ್ಣಗಿಡಲಿ. ನಿಮ್ಮಪ್ಪನ ಹರಕೆಯೂ ಇದರಲ್ಲೇ ಸೇರಿದೆ.

ನಿನ್ನ ಅವ್ವ,
ಬಸಲಿಂಗವ್ವ

ತಾ.ಕ.: ಯಾವ ಗಾಡಿಗೆ ಬರುತ್ತೀರಿ ಎಂದು ಕೇಳಿದ್ದೆಯಲ್ಲ, ಚಂಪಾ ಬರುವುದಿಲ್ಲ. ಇದು ಆಕೆಯ ಮಾತಲ್ಲ, ನನ್ನದು. ಚೆಂಬೂರಿನ ಎಣ್ಣೆ ಕಾರ್ಖಾನೆಯಲ್ಲಿ ಇಂಜಿನಿಯರುಗಳು ಬೇಕಾಗಿದ್ದಾರೆಂದು ಕೆಳಮಹಡಿಯ ಸಿದ್ದರಾಮಪ್ಪನವರು ಹೇಳಿದರು, ಇವತ್ತೇ ಅರ್ಜಿ ಹಾಕು. ಮುಂದಿನ ತಿಂಗಳು ಲಾಡಕೀಯ ಕಿರಿಮಗಳ ಮದುವೆ, ತೊಟ್ಟಿಲು ಬರೆಯಲು ನನ್ನನ್ನು ಕರೆದಿದ್ದಾಳೆ. ಆ ಹೊತ್ತಿಗೆ ರಜೆ ಹಾಕಿ ಬಾ. ಗೋಡೆಯ ಮೇಲೆ ತೊಟ್ಟಿಲು ನಾನು ಎಷ್ಟು ಬೇಕಾದರೂ ಬರೆದೇನು, ಆದರೆ ನೀನು ಭಿಲಾಯಿಯಲ್ಲಿ ಕುಳಿತು ಪತ್ರ ಬರೆಯುತ್ತಿದ್ದರೆ ನಮ್ಮ ಮನೆಯ ತೊಟ್ಟಿಲು ತುಂಬುವುದಿಲ್ಲ ಮಗನೇ.