ಗೀಟು ಬೀಳದ ನಾಲ್ಕನೆಯ ಅಂಶ

ಮನೆಯಿಂದ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಹಳೇ ಚಾಳಿಯಂತೆ ನಿಂತುಕೊಂಡೇ ನುಂಗುತ್ತೀಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ನಿದ್ದೆಯೊಂದು ಬಿಟ್ಟರೆ ಚೆನ್ನಾಗಿಯೇ ಇದ್ದೇನೆ.

ಅಪ್ಪ ಹೋಗಿ ಇಪ್ಪತ್ತು ದಿನವಾಯಿತು. ಜೀವಮಾನವೆಲ್ಲ ಕಚೇರಿಯ ಮುಂದೆ ಕೂತು ಊರವರ ಅರ್ಜಿ ಬರೆದುಕೊಟ್ಟ ಮನುಷ್ಯ. ಅಂಶಗಳನ್ನು ಪಟ್ಟಿ ಮಾಡದೆ ಒಂದು ಸಾಲೂ ಬರೆದವರಲ್ಲ. "ಹಂದರ ಹಾಕದೆ ಬಳ್ಳಿ ಹಬ್ಬಿಸಬೇಡ್ರೋ" ಅಂತ ನಮ್ಮ ತಲೆ ತಿಂದದ್ದು ನೆನಪಿದೆಯಾ? ಟೊಮೆಟೊ ತರಲು ಕಳಿಸುವಾಗಲೂ ಚೀಟಿಯಲ್ಲಿ ಮೂರು ಅಂಶ! ಬರೆದು ಮುಗಿದ ಅಂಶಕ್ಕೆ ಒಂದು ಗೀಟು. ಗೀಟು ಬಿತ್ತೆಂದರೆ ಹೇಳಿಯಾಯಿತು ಎಂದರ್ಥ.

ಈಗ ಆ ಚೀಟಿಗಳು ನನ್ನನ್ನು ಬಿಡುತ್ತಿಲ್ಲ. ಕನ್ನಡಕದ ಡಬ್ಬಿಯಲ್ಲಿ, ದಿಂಬಿನ ಕವರಿನೊಳಗೆ, ಅವರ ಕೋಟಿನ ಒಳಜೇಬಿನಲ್ಲಿ. ಇವತ್ತಿಗೆ ಹದಿನೇಳು. ಎಲ್ಲವೂ ನಿನಗೆ ಬರೆದ ಪತ್ರಗಳ ಹಂದರವೇ. ೧. ಆರೋಗ್ಯ. ೨. ಗುಬ್ಬಿಯ ಕೆಲಸ, ಅಂದರೆ ನನ್ನದು. ೩. ಮನೆ ರಿಪೇರಿ. ಈ ಮೂರಕ್ಕೂ ಗೀಟು. ೪. ಚಿಲಕದ ವಿಷಯ. ಇದಕ್ಕೆ ಒಂದರಲ್ಲೂ ಗೀಟಿಲ್ಲ. "ಅಪ್ಪನದು ಕಾಗದವಲ್ಲ, ಹವಾಮಾನ ವರದಿ" ಎಂದು ನೀನು ಬರೆದಿದ್ದೆ. ಅದು ಯಾಕೆ ಹಾಗಿತ್ತೆಂದು ಈಗ ತಿಳಿಯಿತು. ಮನೆಯಲ್ಲಿ ಒಬ್ಬಳೇ ಕೂತಿದ್ದಾಗ ಪೆನ್ಸಿಲ್ ಗೀಚುವ ಸದ್ದು ಕೇಳುತ್ತದೆ ಅಣ್ಣಾ. ಹೋಗಿ ನೋಡಿದರೆ ಖಾಲಿ ಮೇಜು. ನನಗೆ ಭಯವಾಗುತ್ತದೆ.

ಅಮ್ಮನಿಗೆ ಮರೆವು ಹತ್ತಿದ ಮೇಲೆ, ಹೊರಗೆ ಹೋಗುವವರು ಮುಂಬಾಗಿಲಿಗೆ ಹೊರಚಿಲಕ ಹಾಕಿಯೇ ಹೋಗಬೇಕಿತ್ತಲ್ಲ. ಆ ದಿನ ಹೊರಗೆ ಹೋದವನು ನೀನು, ಚಿಲಕ ಬಿದ್ದಿರಲಿಲ್ಲ. ಅಮ್ಮ ರಸ್ತೆಯ ತಿರುವಿನವರೆಗೆ ನಡೆದಳು, ಲಾರಿ ಬಂತು. ಹಾಕಿದ್ದೆನೋ ಇಲ್ಲವೋ ಎಂದು ನೀನೂ ತಡವರಿಸಿದೆ. "ಅಮ್ಮನ್ನ ಕೊಂದವನು ನೀನೇ" ಅಂತ ಅಪ್ಪ ಹತ್ತು ಜನರ ಮುಂದೆ ಅಂದುಬಿಟ್ಟರು. ನೀನು ಹೋದವನು ಒಂಬತ್ತು ವರ್ಷವಾದರೂ ತಿರುಗಿ ನೋಡಲಿಲ್ಲ, ಅಪ್ಪನ ಮುಖ ನೋಡಲೂ ಬರಲಿಲ್ಲ. ನಿನ್ನನ್ನು ಯಾವ ಬಾಯಿಂದ ಬೈಯಲಿ?

ಮನೆ ಗಟ್ಟಿಯಾಗಿದೆ. ಮಾಡಿನ ಸೋರಿಕೆ ನಿಂತಿದೆ. ಅತ್ತಿಗೆಗೆ ನೆನಪು ಹೇಳು, ಮಗುವಿಗೆ ಅತ್ತೆಯ ಮುತ್ತು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬರೆದುಬಿಡುತ್ತೇನೆ. ಆ ದಿನ ನೀನು ಹೋದ ಮೇಲೆ ನಾನು ಹೊರಗಿನಿಂದ ಬಂದು, ಪಾತ್ರೆ ತೆಗೆದುಕೊಂಡು ಹಾಲಿಗೆ ಹೋಗಿದ್ದೆ. ಚಿಲಕ ತೆಗೆದವಳು ನಾನು, ಹಾಕದೆ ಹೋದವಳೂ ನಾನೇ. ನೀನು ಹಾಕಿಯೇ ಹೋಗಿದ್ದೆ. ನೀನು ಮನೆ ಬಿಟ್ಟ ವಾರವೇ ಅಪ್ಪನಿಗೆ ಹೇಳಿದೆ. "ಒಬ್ಬನ್ನ ಕಳಕೊಂಡೆ, ನಿನ್ನೂ ಕಳಕೊಳ್ಳಲಾರೆ. ಸುಮ್ನಿರು, ನಾನೇ ಬರೀತೀನಿ" ಅಂದರು. ಬರೆದರೋ ಇಲ್ಲವೋ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅವರು ಅಂಟಿಸಿ ಕೊಟ್ಟ ಕಾಗದಗಳನ್ನು ಅಂಚೆ ಡಬ್ಬಿಗೆ ಹಾಕಿ ಬರುತ್ತಿದ್ದೆ. ಮನೆಗೆ ಬಾ ಎನ್ನಲು ನನಗೆ ಮುಖವಿಲ್ಲ. ಆದರೂ ಬಾ ಅಣ್ಣಾ, ಬಂದು ನನ್ನನ್ನು ಬೈಯಿ.