ಫಿಯೆಟ್ಟಿಗೆ ಪವರ್ ಬ್ರೇಕ್

ಫೆಬ್ರವರಿ 6
ಇವತ್ತೂ ಗಾಡಿ ಬರಲಿಲ್ಲ. ಫೋನ್ ಮಾಡಿದರೆ ಮೆಕ್ಯಾನಿಕ್ ಹುಲಗೇಶ, "ನಾಳೆ ಪಕ್ಕಾ ರಿ ಅಕ್ಕಾರ" ಎಂದ. ಹೋದ ವಾರವೂ ಇದೇ ಮಾತು. ಸಿಕಂದರಾಬಾದಿನ ಅವನ ಶೆಡ್ಡಿನಲ್ಲಿ ನನ್ನ ಫಿಯೆಟ್, ಕೂಕಟ್‌ಪಲ್ಲಿಯ ಈ ಫ್ಲಾಟಿನಲ್ಲಿ ನಾನು. ಇಬ್ಬರೂ ನಿಂತಲ್ಲೇ.

ಹಳೆಯ ಫಿಯೆಟ್ಟಿನ ಬ್ರೇಕಿಗೆ ಕಾಲಿನ ಬಲವೇ ಬಲ. ಬಲಮೊಣಕಾಲಿನ ಆಪರೇಷನ್ ಆದಮೇಲೆ ನನಗೆ ಅಷ್ಟು ಒತ್ತಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಮೂಸಾಪೇಟೆಯಲ್ಲಿ ಒತ್ತಿದೆ... ಗಾಡಿ ನಿಲ್ಲಲಿಲ್ಲ. ಮುಂದಿನ ಆಟೋಗೆ ಹೋಗಿ ತಾಗಿತು. ಪುಣ್ಯ, ಯಾರಿಗೂ ಏಟಾಗಲಿಲ್ಲ. ಅದಕ್ಕೇ ಪವರ್ ಬ್ರೇಕ್. ಬಾನೆಟ್ಟಿನೊಳಗೆ ಒಂದು ಬೂಸ್ಟರ್ ಕೂರಿಸಿದರೆ ಪೆಡಲ್ ಹಗುರಾಗುತ್ತದೆ. ಅಷ್ಟೇ ಕೆಲಸ. ಅಷ್ಟಕ್ಕೆ ಇಷ್ಟು ದಿನ.

ಫೆಬ್ರವರಿ 9
ಜಾಗ ಸಾಲದಂತೆ. ಬೂಸ್ಟರ್ ದಪ್ಪ, ಹೊಸ ಬ್ರಾಕೆಟ್ ಮಾಡಿಸಬೇಕಂತೆ. ಇದನ್ನು ಹುಲಗೇಶ ಹೇಳಿದ್ದು ಇವರಿಗೆ, ನನಗಲ್ಲ. ಶಿವಶರಣಪ್ಪನವರು ಮದುವೆಯಾದ ದಿನದಿಂದಲೂ ನಾನು ನಡೆಸುವ ಗಾಡಿಯಲ್ಲಿ ಪಕ್ಕದ ಸೀಟಿನವರು. ಸ್ಟೇರಿಂಗ್ ಮುಟ್ಟಿದವರಲ್ಲ. ಆದರೂ ಶೆಡ್ಡಿನ ಫೋನ್ ಬರುವುದು ಗಂಡಸಿಗೇ.

"ಮತ್ತೇನಂದ?"

"ಟೈಮ್ ಹಿಡೀತೈತಂತ."

ಟಿವಿ ಕಡೆ ತಿರುಗಿದರು.

ಫೆಬ್ರವರಿ 15
ಪುಣೆಯಿಂದ ಮಗಳ ಫೋನ್. "ಆ ಗಾಡಿ ಮಾರಿಬಿಡ ಅವ್ವಾ. ಕ್ಯಾಬ್ ಅದಾವಲ್ಲ" ಎಂದಳು ಪೂರ್ವಿ. ಅದಾವ. ಫಿಜಿಯೋಥೆರಪಿಗೆ ಹೋಗಲು ಇವತ್ತು ಬುಕ್ ಮಾಡಿದ್ದು ಕ್ಯಾನ್ಸಲ್ ಆಯಿತು, ಮತ್ತೊಂದೂ ಆಯಿತು. ಕೊನೆಗೆ ಆಟೋ. ಹತ್ತುವಾಗ ಡ್ರೈವರ್ ಕೈ ಕೊಟ್ಟು ಎಳೆದುಕೊಂಡ. ಒಳ್ಳೆಯ ಮನುಷ್ಯ. ಆದರೂ ದಾರಿಯುದ್ದಕ್ಕೂ ಅಳು ನುಂಗಿಕೊಂಡೇ ಕೂತಿದ್ದೆ.

ಹೆರಿಗೆ ನೋವು ಶುರುವಾದಾಗಲೂ ನಾನೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋದವಳು. ಪೂರ್ವಿಗೆ ಅದನ್ನು ಹೇಳಲಿಲ್ಲ. ಹೇಳಿ ಏನಾಗಬೇಕು.

ಮಾರ್ಚ್ 4, ಮಧ್ಯಾಹ್ನ
ಯಾರಿಗೂ ಹೇಳದೆ ಶೆಡ್ಡಿಗೆ ಹೋದೆ. ಮೂಲೆಯಲ್ಲಿ ಫಿಯೆಟ್, ಮೇಲೆ ತಾಡಪತ್ರಿ, ಅದರ ಮೇಲೆ ಧೂಳು. ಬೂಸ್ಟರ್ ಇನ್ನೂ ಡಬ್ಬಿಯಲ್ಲೇ ಇದೆ. ಯಾರೂ ಕೈ ಹಚ್ಚಿಲ್ಲ.

"ಬ್ರಾಕೆಟ್ ಮಾಡಾಕತ್ತೀನಿ ಅಂದಿದ್ದೆಲ್ಲಪ್ಪಾ?"

ಹುಲಗೇಶ ಚಹಾದ ಗ್ಲಾಸ್ ಕೆಳಗಿಟ್ಟ. ನನ್ನ ಮುಖ ನೋಡಲಿಲ್ಲ.

"ಸರ್ ಹೇಳ್ಯಾರರಿ ಅಕ್ಕಾರ. ಅವಸರ ಮಾಡಬ್ಯಾಡ, ಹಂಗs ಇಟ್ಟಿರು... ಆಕಿ ಬ್ಯಾಸತ್ತು ತಾನಾಗೇ ಮಾರ್ತೀನಂತಾಳ ಅಂತ."

ಆಟೋ ಹಿಡಿದು ನೇರ ಮನೆಗೆ ಬಂದೆ.

ಅದೇ ದಿನ, ಸಂಜೆ
ಕೇಳಿಯೇ ಬಿಟ್ಟೆ. ಇವರು ಸುಳ್ಳು ಹೇಳಲಿಲ್ಲ. ಟಿವಿ ಆರಿಸಿ ಅಂದರು —

"ಆವತ್ತು ಮೂಸಾಪೇಟ್ಯಾಗ ನೀ ಎರಡೂ ಕಾಲಿಟ್ಟು ಒತ್ತಾಕತ್ತಿದ್ದಿ. ಪಕ್ಕದಾಗ ಕೂತ ನಂಗ ಏನೂ ಮಾಡಾಕ ಬರಲಿಲ್ಲ. ಕಣ್ಣು ಮುಚ್ಚಿದ್ರ ಅದs ಕಾಣತೈತಿ."

"ಅಂಜಿಕಿ ಆಗತೈತಿ ಅಂತ ನನ್ನ ಮುಂದ ಹೇಳಬೇಕಾಗಿತ್ತು."

"ಹೇಳಿದ್ರ ಕೇಳ್ತಿದ್ದೇನು?"

ಕೇಳುತ್ತಿರಲಿಲ್ಲ. ಅದು ನನಗೂ ಗೊತ್ತು. ಅದಕ್ಕೇ ಇನ್ನೂ ಸಿಟ್ಟು. ಊಟಕ್ಕೆ ಬಡಿಸಿದೆ, ಮಾತಾಡಲಿಲ್ಲ.

ಮಾರ್ಚ್ 7
ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಹುಲಗೇಶ ಬಾನೆಟ್ಟಿನೊಳಗೆ ತಲೆ ಹಾಕಿ, ಬೂಸ್ಟರ್ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕಾರ... ಈ ಸಲ ಖರೇನs ಜಾಗ ಇಲ್ಲರಿ" ಎಂದ.

ನಗಬೇಕೋ ಬಯ್ಯಬೇಕೋ. ಬ್ರಾಕೆಟ್ಟಿಗೆ ಅಳತೆ ಕೊಟ್ಟಾಯಿತು.

ಮಾರ್ಚ್ 11
ಬೂಸ್ಟರ್ ಕೂತಿತು. ಪೆಡಲ್ ಒತ್ತಿದರೆ ನೆಲದವರೆಗೂ ಹೋಯಿತು, ಬೆಣ್ಣೆಯಲ್ಲಿ ಇಳಿದಂತೆ. ಬ್ರೇಕ್ ಎಣ್ಣೆಯ ಪೈಪಿನಲ್ಲಿ ಗಾಳಿ. ಅದನ್ನೆಲ್ಲ ಹೊರಗೆ ಬಿಟ್ಟ ಮೇಲೆ ಪೆಡಲ್ ಕಲ್ಲಾಯಿತು. ಇಂಜಿನ್ನಿನಿಂದ ಬರುವ ಹೋಸ್ ಎಲ್ಲೋ ಸೋರುತ್ತಿದೆ, ಬೂಸ್ಟರಿಗೆ ಗಾಳಿಯ ಎಳೆತ ಸಿಗುತ್ತಿಲ್ಲ. ಇಡೀ ದಿನ ಇದೇ. ಮನೆಗೆ ಬಂದರೆ ಇವರ ಪ್ರಶ್ನೆ, "ಆತೇನು?" ಮಾತು ಬಿಟ್ಟು ಒಂದು ವಾರ. ನನಗೂ ಸಾಕಾಗಿದೆ. ಗಾಡಿಯೂ, ಗಂಡನೂ.

ಮಾರ್ಚ್ 16
ಹೋಸ್ ಬದಲಿಸಿಯಾಯಿತು. ಶೆಡ್ಡಿನ ಹಿಂದಿನ ಬಯಲಲ್ಲಿ ಟೆಸ್ಟ್. ಹಳೆಯ ರೂಢಿಯಲ್ಲಿ ಜೋರಾಗಿ ತುಳಿದೆ, ಹಣೆ ಸ್ಟೇರಿಂಗಿಗೆ ಬಡಿಯುವುದೊಂದು ಬಾಕಿ. ಎರಡನೇ ಸಲ ಮೆತ್ತಗೆ. ನಿಂತಿತು. ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಮೊಣಕಾಲಿಗೆ ಗೊತ್ತೇ ಆಗಲಿಲ್ಲ.

ಹುಲಗೇಶ ಕೈ ಒರೆಸುತ್ತ ಬಂದ. "ಸರ್‌ಗೆ ಫೋನ್ ಹಚ್ಚಲೇನ್ರಿ?"

"ಬ್ಯಾಡ. ನಾನs ಹೇಳ್ತೀನಿ."

ಮನೆಗೆ ಒಬ್ಬಳೇ ಓಡಿಸಿಕೊಂಡು ಬಂದೆ. ಗೇಟಿನಲ್ಲಿ ಇವರು ನಿಂತಿದ್ದರು, ಬಿಸಿಲಲ್ಲಿ. ಎಷ್ಟು ಹೊತ್ತಿನಿಂದ ಎಂದು ಕೇಳಲಿಲ್ಲ. "ಬ್ರೇಕ್ ಹಿಡೀತೈತಿ" ಎಂದೆ. ತಲೆ ಆಡಿಸಿದರು.

ಮಾರ್ಚ್ 17, ಬೆಳಿಗ್ಗೆ
ಎರ್ರಗಡ್ಡ ಮಾರ್ಕೆಟ್ಟಿಗೆ ಹೊರಟೆ. ಬನ್ನಿ ಎನ್ನಲಿಲ್ಲ. ಇವರೇ ಚೀಲ ಹಿಡಿದು ಕೆಳಗೆ ಬಂದರು, ಪಕ್ಕದ ಬಾಗಿಲು ತೆರೆದು ಕೂತರು. ಮುಖ ಬಿಳಿಚಿತ್ತು. "ಅಂಜಿಕಿ ಐತಿ" ಎಂದರು, ಮುಂದೆ ನೋಡುತ್ತಲೇ. "ಇರಲಿ, ಕೂಡ್ರಿ" ಎಂದೆ.

ಮೊದಲ ಸಿಗ್ನಲ್ಲಿಗೆ ಬ್ರೇಕ್ ಒತ್ತಿದಾಗ ಇವರ ಬಲಗಾಲೂ ನೆಲವನ್ನು ಒತ್ತಿತು. ಗಾಡಿ ನಿಂತಿತು. ಎರಡನೆಯದಕ್ಕೂ ಒತ್ತಿದರು. ಮಾರ್ಕೆಟ್ಟಿನ ತಿರುವಿನಲ್ಲಿ ಒಂದು ಬೈಕು ಅಡ್ಡ ಬಂತು, ನಾನು ಬ್ರೇಕ್ ಹಾಕಿದೆ, ಆಗ ಓರೆಗಣ್ಣಿನಲ್ಲಿ ನೋಡಿದರೆ ಇವರ ಕಾಲು ಅಲ್ಲಾಡಿರಲಿಲ್ಲ.