ಕೇಳದೆ ಬಿಟ್ಟ ಮೂರು ನಿಮಿಷ

ಎರಡನೆಯ ಮೇ ತಿಂಗಳ ಮೊದಲ ರವಿವಾರ, 2187
ತಣ್ಣೆಳಲು ಖಾನಾವಳಿ, ಹನ್ನೊಂದನೆಯ ಮೇಜು, ಹುಬ್ಬಳ್ಳಿ
ಬೆಳಿಗ್ಗೆ ಎಂಟೂ ಹತ್ತು

ತೆರೆದ ಬಾಗಿಲಿನ ಕಾಲದವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಮೇ ತಿಂಗಳನ್ನು ಒಂದೇ ಉಸಿರಿಗೆ ದಾಟುವುದು ಕಷ್ಟವೆಂದು ನಮ್ಮ ಅಜ್ಜಿಯರ ಕಾಲದಲ್ಲಿ ಅದನ್ನು ಎರಡು ಮಾಡಿದರು. ಎರಡರ ಬಿಸಿಲೂ ಒಂದೇ, ಹೆಸರಿಗಷ್ಟೇ ಸಮಾಧಾನ. ಈ ಕಾಗದದ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಆಗಿಹೋದವರಿಗೆ ಬರೆಯುವ ಓಲೆ. ಶಾಲೆಯಲ್ಲಿ ಮಕ್ಕಳಿಂದ ಬರೆಸುತ್ತಾರೆ. ದೊಡ್ಡವರು ಬರೆಯುವುದು, ಊರಿನಲ್ಲಿ ಯಾರಿಗೂ ಹೇಳಲಾಗದ ಮಾತು ಗಂಟಲಲ್ಲಿ ಸಿಕ್ಕಿಕೊಂಡಾಗ ಮಾತ್ರ. ನಿಮಗೆ ಹೇಳಿದರೆ ನೀವು ಹೋಗಿ ದಾಕ್ಷಿಗೆ ಹೇಳಲಾರಿರಿ. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಹೆಸರು ಅಂಬುಜಾ. ವಯಸ್ಸು ಐವತ್ತೆಂಟು. ಊರಿನ ನೀರಿನ ಗಾಡಿಗಳು ಯಾವ ಓಣಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ವೇಳಾಪಟ್ಟಿ ಹಾಕುವುದು ನನ್ನ ಕೆಲಸ. ದಾಕ್ಷಾಯಣಿ, ಅಂದರೆ ದಾಕ್ಷಿ, ನನ್ನ ನಲವತ್ತು ವರ್ಷದ ಗೆಳತಿ. ಇವತ್ತು ನಾನು ಅವಳಿಗೆ ಒಂದು ನಿಜ ಹೇಳಬೇಕು. ಹೇಳದಿದ್ದರೆ ಏನೂ ತಪ್ಪು ಮಾಡದ ಹೆಂಗಸೊಬ್ಬಳ ಕೆಲಸ ಹೋಗುತ್ತದೆ. ಹೇಳಿದರೆ ದಾಕ್ಷಿ ನನ್ನ ಕೈತಪ್ಪಿ ಹೋಗುತ್ತಾಳೆ. ಹತ್ತು ಗಂಟೆಗೆ ತಡೆಬಾಗಿಲು ಬಿದ್ದ ಕೂಡಲೇ ಹೇಳಿಬಿಡುವುದೆಂದು ರಾತ್ರಿಯೇ ಗಟ್ಟಿ ಮಾಡಿಕೊಂಡಿದ್ದೇನೆ. ಅಲ್ಲಿಯವರೆಗೆ ಕೈ ಸುಮ್ಮನಿರಲಾರದು, ಅದಕ್ಕೇ ಈ ಬರವಣಿಗೆ.

ನೀವು ರವಿವಾರ ತಡವಾಗಿ ಎದ್ದು, ಗೆಳೆಯರನ್ನು ಕೂಡಿಕೊಂಡು ಪೇಟೆಯ ಹೋಟೆಲಿಗೆ ಹೋಗಿ, ನಾಷ್ಟಾವೂ ಅಲ್ಲದ ಊಟವೂ ಅಲ್ಲದ ಒಂದನ್ನು ತಿನ್ನುತ್ತಿದ್ದಿರಂತೆ. ಬ್ರಂಚ್ ಎಂದು ಅದರ ಹೆಸರಂತೆ. ನಿಮ್ಮ ತಟ್ಟೆಗಳ ಚಿತ್ರಗಳು ಬೇಕಾದಷ್ಟು ಉಳಿದಿವೆ, ಈ ಖಾನಾವಳಿಯ ಗೋಡೆಯ ಮೇಲೂ ನಾಲ್ಕಾರು ಇವೆ. ತಟ್ಟೆ ಕಾಣುತ್ತದೆ, ತಿಂದವರ ಮುಖ ಕಾಣುವುದಿಲ್ಲ. ಅದ್ಯಾಕೆ ಹಾಗೆ ಮಾಡಿದಿರೋ ದೇವರಿಗೇ ಗೊತ್ತು. ನಮಗಂತೂ ಆ ಪದ್ಧತಿ ಉಳಿದುಬಂದಿದೆ, ಆದರೆ ಬೇರೆ ಕಾರಣಕ್ಕೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೊರಗೆ ಜೀವ ನಿಲ್ಲುವುದಿಲ್ಲ. ಅದಕ್ಕೆ ಒಳಹೊತ್ತು ಎನ್ನುತ್ತೇವೆ. ಹತ್ತಕ್ಕೆ ಸರಿಯಾಗಿ ಗಂಟೆಮನೆಯಲ್ಲಿ ಗಂಟೆ ಹೊಡೆದರೆ ಊರಿನ ಪ್ರತಿ ಮನೆ, ಪ್ರತಿ ಅಂಗಡಿಯ ಮೇಲಿಂದ ಉಕ್ಕಿನ ತಡೆಬಾಗಿಲು ಬೀಳುತ್ತದೆ. ಒಮ್ಮೆ ಬಿದ್ದದ್ದನ್ನು ಎತ್ತುವ ಕೀಲಿ ಮನೆಯವರ ಬಳಿ ಇರುವುದಿಲ್ಲ, ಗಂಟೆಮನೆಯಲ್ಲೇ ಇರುತ್ತದೆ. ವಾರವಿಡೀ ನಾವು ಮನೆಯ ನಾಲ್ಕು ಗೋಡೆ ನೋಡಿಕೊಂಡು ಕೂರುತ್ತೇವೆ. ರವಿವಾರ ಮಾತ್ರ ಗೆಳೆಯರ ಜೊತೆ ಖಾನಾವಳಿಯಲ್ಲಿ ಒಳಗಿರುತ್ತೇವೆ.

ಹಾಗಾಗಿ ನಮ್ಮ ಬ್ರಂಚು ಏಳು ತಾಸಿನದು. ಬಾಗಿಲು ಬಿದ್ದ ಕೂಡಲೇ ಬಿಸಿ ಮಿರ್ಚಿ, ಗಿರ್ಮಿಟ್. ಹನ್ನೆರಡಕ್ಕೆ ಸಜ್ಜೆ ರೊಟ್ಟಿ, ನೆಲಮಾಳಿಗೆಯಲ್ಲಿ ದೀಪದ ಬೆಳಕಿಗೆ ಬೆಳೆದ ಬದನೆಯ ಎಣಗಾಯಿ, ಶೇಂಗಾ ಚಟ್ನಿ. ಒಂದೂವರೆಗೆ ದೀಪ ಸಣ್ಣದು ಮಾಡಿ ಚಾಪೆ ಹಾಸುತ್ತಾರೆ. ಗೊರಕೆ ಹೊಡೆಯುವವರಿಗೆ ಬೇರೆ ಮೂಲೆ. ಮೂರಕ್ಕೆ ಅರ್ಧ ಲೋಟ ಚಹಾ, ಪಗಡೆಯಾಟ, ಜಗಳ. ನಾಲ್ಕಕ್ಕೆ ಒಂದು ಹಿಡಿ ಸಿಹಿ ಮಾದಲಿ. ಬರಬೇಕಾದವರು ಬರದಿದ್ದರೂ ಅವರ ತಟ್ಟೆಗೆ ಪ್ರತಿ ಸಲ ಬಡಿಸಲೇಬೇಕು, ಐದರವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಈ ಮೇಜಿನಲ್ಲಿ ನಾವು ಮೂವರು. ನಾನು, ದಾಕ್ಷಿ, ಮತ್ತು ಬಿಸಿಲು ಪರದೆ ಹೊಲಿಯುವ ಫಕೀರೇಶ. ಇಪ್ಪತ್ತೆರಡು ವರ್ಷದಿಂದ ಇದೇ ಮೇಜು, ಇವೇ ಕುರ್ಚಿ.

ದಾಕ್ಷಿ ಹಲ್ಲಿನ ಡಾಕ್ಟರು. ಹಲ್ಲು ಕೀಳುವಾಗ ‘ಏನೂ ನೋವಾಗೂದಿಲ್ಲ’ ಎಂದು ಹೇಳಿ ಹೇಳಿ ಅವಳಿಗೆ ಸುಳ್ಳು ನಾಲಿಗೆಗೆ ಅಂಟಿಬಿಟ್ಟಿದೆ. ಬಾಗಿಲು ಬೀಳಲು ಹತ್ತು ನಿಮಿಷ ಇರುವಾಗ ದನಿಗುಂಡಿಯಲ್ಲಿ ಅವಳ ಮಾತು ಬರುತ್ತದೆ. ದನಿಗುಂಡಿಯೆಂದರೆ ಕೊರಳಪಟ್ಟಿಗೆ ಚುಚ್ಚಿಕೊಳ್ಳುವ, ಮಾತು ಸಾಗಿಸುವ ಗುಂಡಿ. ‘ಬಂದೆ ಬಂದೆ, ತಿರುವಿನ್ಯಾಗ ಅದೀನಿ’ ಎನ್ನುತ್ತಾಳೆ. ಹಾಗೆನ್ನುವಾಗ ಅವಳು ಮನೆಯಲ್ಲಿ ಟವೆಲು ಹುಡುಕುತ್ತಿರುತ್ತಾಳೆ. ನಿಮ್ಮಲ್ಲೂ ಇಂಥವರು ಇದ್ದರೆಂದು ಓದಿದ್ದೇನೆ. ನಿಮ್ಮಲ್ಲಿ ಇದು ನಗುವ ವಿಷಯ. ನಮ್ಮಲ್ಲಿ ಇದಕ್ಕೊಂದು ಕಟ್ಟಳೆಯೇ ಇದೆ, ಸಾಕ್ಷಿ ನಿಮಿಷ. ಮೇಜಿನವರು ಯಾರಾದರೂ ಕೂತಲ್ಲಿಂದಲೇ, ‘ನಮ್ಮವರು ತಿರುವಿನಲ್ಲಿದ್ದಾರೆ, ನಾನು ಸಾಕ್ಷಿ’ ಎಂದರೆ ಬಾಗಿಲು ಕಾಯುವವರು ಮೂರು ನಿಮಿಷ ಅದನ್ನು ತಡೆದು ಹಿಡಿಯಬಹುದು. ಆ ಮೂರು ನಿಮಿಷದಲ್ಲಿ ಒಳಗಿನ ತಂಪು ಸೋರಿಹೋಗುತ್ತದೆ, ಸಂಜೆಯವರೆಗೂ ತಿರುಗಿ ಕೂಡುವುದಿಲ್ಲ. ಆದ್ದರಿಂದ ಸಾಕ್ಷಿ ಹೇಳುವವರು ಸುಮ್ಮಸುಮ್ಮನೆ ಹೇಳುವುದಿಲ್ಲ.

ನಾನು ದಾಕ್ಷಿಗಾಗಿ ಆರು ಸಲ ಹೇಳಿದ್ದೆ. ಎರಡು ಸಲ ಬಂದಳು. ನಾಲ್ಕು ಸಲ ಬರಲೇ ಇಲ್ಲ. ಆರನೆಯ ಸಲ ಪಕ್ಕದ ಮೇಜಿನ ಕಮಲಾಬಾಯಿ, ಎಂಬತ್ತರ ಮುದುಕಿ, ಆ ಸೆಕೆಗೆ ಎಚ್ಚರ ತಪ್ಪಿ ಬಿದ್ದರು. ಸಂಜೆಯವರೆಗೆ ನಾನು ಅವರ ತಲೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ, ನಲವತ್ತೆರಡು ಜನ ನನ್ನನ್ನು ನೋಡುತ್ತ ಕೂತರು. ಮರುದಿನ ದಾಕ್ಷಿ ನಕ್ಕು, ‘ನಿದ್ದಿ ಹತ್ತಿಬಿಡ್ತವಾ, ಏನ್ ಮಾಡ್ಲಿ’ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ನಿಮಿಷ ನಿಮಿಷಕ್ಕೆ ಲೆಕ್ಕ ಇಟ್ಟು ಬದುಕುವವಳು. ನನ್ನ ಗಾಡಿ ಎರಡು ನಿಮಿಷ ತಡವಾದರೆ ಒಂದು ಓಣಿ ಬಾಯಾರಿ ಕೂರುತ್ತದೆ.

ಇನ್ನು ಆ ದಿನದ್ದು ಹೇಳುತ್ತೇನೆ. ಮೂರು ರವಿವಾರದ ಹಿಂದೆ, ಒಂಬತ್ತೂ ಐವತ್ತೇಳು. ಫಕೀರೇಶ ಕೈ ತೊಳೆಯಲು ಒಳಗೆ ಹೋಗಿದ್ದ. ದನಿಗುಂಡಿಯಲ್ಲಿ ಮತ್ತೆ ಅದೇ ಮಾತು, ‘ಬಂದೆ ಬಂದೆ, ತಿರುವಿನ್ಯಾಗ ಅದೀನಿ.’ ಅದರ ಹಿಂದೆ ನೀರು ಸುರಿಯುವ ಸದ್ದು. ಇವಳು ಇನ್ನೂ ಸ್ನಾನವನ್ನೇ ಮುಗಿಸಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲು ಕಾಯುವ ಕಲ್ಲವ್ವ ಬಂದಳು. ಹತ್ತೊಂಬತ್ತು ವರ್ಷದಿಂದ ಈ ಬಾಗಿಲು ಕಾಯುತ್ತಿರುವ ಹೆಂಗಸು. ‘ಅಕ್ಕಾರ, ನಿಮ್ಮಾಕಿ ಎಲ್ಲಿ ಅದಾರ್ರಿ? ಸಾಕ್ಷಿ ಹೇಳ್ತೀರೇನು?’ ಎಂದು ಕೇಳಿದಳು. ‘ಇನ್ನೂ ಬಚ್ಚಲದಾಗ ಅದಾಳ. ಹಾಕಿಬಿಡು ಬಾಗಲಾ’ ಎಂದೆ. ಹಾಗೆಂದಾಗ ನನಗೆ ಹಿತವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಹತ್ತರ ಗಂಟೆ ಹೊಡೆದು ಬಾಗಿಲು ಬಿತ್ತು. ನಿಮಿಷ ಕಳೆದಿರಲಿಲ್ಲ, ಹೊರಗಿನಿಂದ ಬಡಿತ ಕೇಳಿಸಿತು. ಅಂಗೈಯಿಂದ ಬಡಿಯುವ ಸದ್ದು. ಮೇಲೆ ಮಡಚಿಕೊಂಡು ಬೆಳಗಿನಿಂದ ಬಿಸಿಲಿಗೆ ಕಾದ ಉಕ್ಕು ಅದು. ಕಲ್ಲವ್ವ ಓಡಿಹೋಗಿ ಗಂಟೆಮನೆಗೆ ಕರೆ ಮಾಡುವ ತಂತಿ ಎಳೆದಳು; ಒಮ್ಮೆ ಬಿದ್ದ ಬಾಗಿಲನ್ನು ಅವರು ಐದರ ಮೊದಲು ಎತ್ತಿದ್ದಿಲ್ಲ, ಅವತ್ತೂ ಎತ್ತಲಿಲ್ಲ. ನಾನು ಒಳಗಿನಿಂದ ಬಡಿದೆ. ಒಳಗಡೆ ದಪ್ಪ ಹತ್ತಿಯ ಹೊದಿಕೆ, ಸದ್ದೇ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನ ಬಡಿತ ನಿಂತಿತು. ಆಮೇಲೆ ಅಡಿಗೆಮನೆಯಿಂದ ಮಿರ್ಚಿ ಬಂತು.

ಫಕೀರೇಶ ಒದ್ದೆ ಕೈಯಲ್ಲೇ ನಿಂತು, ‘ನೀ ಸಾಕ್ಷಿ ಹೇಳಲಿಲ್ಲೇನು?’ ಎಂದು ಕೇಳಿದ. ‘ಹೇಳಿದೆ. ಕಲ್ಲವ್ವ ಕೇಳಲಿಲ್ಲ’ ಎಂದೆ. ಬಾಯಿಂದ ತಾನಾಗಿ ಬಂತು. ಕಲ್ಲವ್ವ ನಾಲ್ಕು ಮಾರು ದೂರದಲ್ಲಿದ್ದಳು, ಕೇಳಿಸಿಕೊಂಡಳು. ನನ್ನನ್ನೊಮ್ಮೆ ನೋಡಿ, ಬೇರೆ ಮೇಜಿಗೆ ನೀರು ಕೊಡಲು ಹೋದಳು.

ಏಳು ತಾಸು ದಾಕ್ಷಿಯ ತಟ್ಟೆ ನನ್ನ ಎದುರಿಗೇ ಇತ್ತು. ಮಿರ್ಚಿ ಆರಿ ಮೆತ್ತಗಾಯಿತು, ಅದರ ಪಕ್ಕ ರೊಟ್ಟಿ ಬಂದು ಒಣಗಿತು. ಫಕೀರೇಶ ಮೊದಲು ಏನೂ ತಿನ್ನಲಿಲ್ಲ, ಮೂರರ ಹೊತ್ತಿಗೆ ಅಳುತ್ತ ತಿಂದ. ನಾನು ನನ್ನದೇ ವೇಳಾಪಟ್ಟಿಯನ್ನು ಮನಸ್ಸಿನಲ್ಲಿ ಓದುತ್ತಿದ್ದೆ. ರವಿವಾರ, ಒಂಬತ್ತೂ ಐವತ್ತೈದರಿಂದ ಹತ್ತರವರೆಗೆ ಒಂಬತ್ತನೆಯ ಗಾಡಿ, ತಣ್ಣೆಳಲು ಖಾನಾವಳಿಯ ತಿರುವಿನ ತೊಟ್ಟಿ ತುಂಬಿಸುವುದು. ಆ ಸಾಲು ಬರೆದವಳು ನಾನು. ನೀರಿನ ಸದ್ದು ಕೇಳಿದಾಗ ಅದು ನೆನಪಿಗೆ ಬರಲಿಲ್ಲ ಎಂದು ನಿಮಗೆ ಹೇಳಬಹುದಿತ್ತು. ಬಂದಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಬಂದಿತ್ತು. ಸಿಟ್ಟಿನಲ್ಲಿ ನಾನೇ ಅದನ್ನು ಆಚೆ ತಳ್ಳಿದೆ.

ಐದಕ್ಕೆ ಬಾಗಿಲೆದ್ದಾಗ ಅವಳು ಬದುಕಿದ್ದಳು. ಗಾಡಿಯವರು ಒಳಹೊತ್ತನ್ನು ತಮ್ಮ ಗಾಡಿಯ ಖಾಲಿ ತೊಟ್ಟಿಯೊಳಗೇ ಕಳೆಯುತ್ತಾರೆ, ಅದರ ಗೋಡೆ ದಪ್ಪ. ಗಾಡಿಯವನು ಅವಳನ್ನು ಎಳೆದುಕೊಂಡು ಹೋಗಿ ಒಳಗೆ ಹಾಕಿಕೊಂಡಿದ್ದ. ಎರಡೂ ಅಂಗೈ ಸುಟ್ಟುಹೋಗಿದ್ದವು. ನನ್ನನ್ನು ಕಂಡು ಅವಳು ಹೇಳಿದ್ದು ಇಷ್ಟೇ: ‘ನೀ ಸಾಕ್ಷಿ ಹೇಳೇ ಇರ್ತಿ ಅಂತ ನಂಗ ಗೊತ್ತಿತ್ತು, ಅಂಬೂ. ಆ ಕಲ್ಲವ್ವನೇ ಕೇಳಿರಂಗಿಲ್ಲ, ಹೌದಲ್ಲ?’ ನಾನು ತಲೆಯಾಡಿಸಿದೆ.

ಆಮೇಲೆ ದಾಕ್ಷಿ ದೂರು ಕೊಟ್ಟಳು. ಇವತ್ತು ಹನ್ನೊಂದಕ್ಕೆ ಮೇಜುಪಂಚಾಯ್ತಿ ಕೂಡುತ್ತದೆ. ಎಲ್ಲ ಮೇಜುಗಳಿಂದ ಒಬ್ಬೊಬ್ಬ ಹಿರಿಯರು, ಅವರ ಮಾತೇ ಇಲ್ಲಿ ಕೊನೆ. ಸಾಕ್ಷಿಯ ಮಾತು ತಳ್ಳಿಹಾಕಿದ್ದು ನಿಜವೆಂದಾದರೆ ಕಲ್ಲವ್ವ ಮತ್ತೆ ಯಾವ ಬಾಗಿಲನ್ನೂ ಕಾಯುವಂತಿಲ್ಲ. ನಿನ್ನೆ ಅವಳನ್ನು ಹುಡುಕಿಕೊಂಡು ಹೋಗಿದ್ದೆ, ನೀನೇ ಯಾಕೆ ನಿಜ ಹೇಳಬಾರದು ಎಂದು ಕೇಳುವುದಕ್ಕೆ. ನಾಚಿಕೆಗೆಟ್ಟವಳು ನಾನು. ಅವಳು ಕಸಬರಿಗೆ ಕೆಳಗಿಟ್ಟು ಹೇಳಿದಳು: ‘ನೀವ ಹೇಳ್ರಿ ಅಕ್ಕಾರ. ನಾ ಹೇಳಿದ್ರ, ಕೆಲಸಕ್ಕ ಹೆದರಿ ಸುಳ್ಳ ಹೇಳ್ತಾಳ ಅಂತಾರ.’

ಒಂಬತ್ತೂ ಮೂವತ್ತೈದು. ದಾಕ್ಷಿ ಬಂದಿದ್ದಾಳೆ. ಆ ದಿನದಿಂದ ಒಮ್ಮೆಯೂ ತಡ ಮಾಡಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, ಬಟ್ಟೆ ಸುತ್ತಿದ ಕೈಗಳನ್ನು ಮೇಜಿನ ಮೇಲಿಟ್ಟು, ‘ಏನ್ ಬರಿಲಿಕ್ಕತ್ತಿ?’ ಎಂದು ಕೇಳಿದಳು. ಗಾಡಿಗಳ ಪಟ್ಟಿ ಎಂದೆ. ‘ರವಿವಾರನೂ ಬಿಡಂಗಿಲ್ಲ ನೋಡು ಈಕಿ’ ಎಂದು ನಕ್ಕಳು. ಬೆರಳು ಇನ್ನೂ ಮಡಚುವುದಿಲ್ಲ. ಮೂರು ವಾರದಿಂದ ನಾನೇ ರೊಟ್ಟಿ ಮುರಿದು ತುತ್ತು ಮಾಡಿ ಅವಳ ಬಾಯಿಗಿಡುತ್ತಿದ್ದೇನೆ. ಮತ್ತೆ ಇಕ್ಕಳ ಹಿಡಿಯಬಲ್ಲಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪ್ರತಿ ತುತ್ತಿಗೂ ಅವಳು ನನ್ನನ್ನು ನೋಡುವ ನೋಟವನ್ನು ನಾನು ತಡೆದುಕೊಳ್ಳಲಾರೆ.

ಬಾಗಿಲು ಬಿದ್ದ ಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಯಾಕೆಂದು ಈಗ ಹೇಳುತ್ತೇನೆ. ಆಗ ಅವಳು ಎದ್ದುಹೋಗುವಂತಿಲ್ಲ. ಏಳು ತಾಸು ನನ್ನ ಎದುರಿಗೇ ಇರಬೇಕು, ಹಸಿವಾದರೆ ನನ್ನ ಕೈಯಿಂದಲೇ ತಿನ್ನಬೇಕು. ಅಷ್ಟರೊಳಗೆ ಕರಗಿಯಾಳು ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಚೆನ್ನಾಗಿಯೇ ಇತ್ತು. ಅವಳ ಮುಖ ನೋಡಿದ ಮೇಲೆ ತಿಳಿಯುತ್ತಿದೆ, ಆ ದಿನ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಸಿದೆ, ಇವತ್ತು ಒಳಗೆ ಕೂರಿಸಿ ಹಾಕಿಸಲು ಹೊರಟಿದ್ದೇನೆ.

ನಿಮ್ಮಲ್ಲಿ ಒಂದು ವಿನಂತಿ. ಈ ರವಿವಾರ ನಿಮ್ಮ ಮೇಜಿನಲ್ಲೂ ಒಂದು ಕುರ್ಚಿ ಖಾಲಿ ಇರಬಹುದು, ತಿರುವಿನಲ್ಲಿದ್ದೇನೆ ಎಂದವಳು ಮುಕ್ಕಾಲು ತಾಸಾದರೂ ಬಂದಿರಲಿಕ್ಕಿಲ್ಲ. ಬಯ್ಯಿರಿ. ಅವಳ ಪಾಲಿನದನ್ನೂ ತಿಂದು ಮುಗಿಸಿ. ಆದರೆ ಕುರ್ಚಿ ತೆಗೆದುಕೊಂಡು ಹೋಗಲು ಯಾರಾದರೂ ಬಂದು ಕೇಳಿದರೆ, ಬರುತ್ತಾಳೆ ಎನ್ನಿ.

ಇನ್ನು ಬರೆಯುವುದಿಲ್ಲ. ಒಂಬತ್ತೂ ನಲವತ್ತೊಂದು. ಇಲ್ಲಿಂದ ದಾಕ್ಷಿಯ ಮನೆಗೆ ನಡೆದು ಹೋಗಲು ಹನ್ನೆರಡು ನಿಮಿಷ ಸಾಕು. ಮಾತು ಮುಗಿಸಲು ನನಗೆ ಐದು ನಿಮಿಷ. ಈಗ ಶುರು ಮಾಡಿದರೆ, ನನ್ನನ್ನು ಬಿಟ್ಟು ಎದ್ದುಹೋದರೂ ಗಂಟೆ ಹೊಡೆಯುವ ಮೊದಲು ಅವಳು ಮನೆ ಮುಟ್ಟುತ್ತಾಳೆ.

ಅಂಬುಜಾ